ಶುಕ್ರವಾರ ರಾತ್ರಿಯ ಕೆಂಪು ಚೌಕ

ಜನವರಿ 6, ಮಂಗಳವಾರ

ಮನೆ ಸಿಕ್ಕಿತು, ಪನ್ವೇಲ್‌ನಲ್ಲಿ ನಮಗೆ ಮನೆ ಸಿಕ್ಕಿತು, ನಾವಿಬ್ಬರೇ ಇರುವ ಮನೆ!

ಮಾಮಿಯ, ಅಂದರೆ ಅತ್ತೆಯ ಜೊತೆ ಬೆಳ್ಳುಳ್ಳಿ ಸುಲಿಯುತ್ತಿದ್ದೆ. ದಿನಾ ಈ ಹೊತ್ತಿಗೆ ಇದೇ ಕೆಲಸ. ಫೋನ್ ಬಂತು. ನಿಝಾರ್! ಮದುವೆಯ ರಜೆ ಮುಗಿಸಿ ಹೋದ ಮೇಲೆ ಮೊದಲ ಸಲ ಬೆಳಗ್ಗೆ ಕಾಲ್ ಮಾಡಿದ್ದು.

"ರಾಹಿ, ಎಂತ ಮಾಡ್ತಿದ್ದಿ?"

"ಬೆಳ್ಳುಳ್ಳಿ ಸುಲೀತಿದ್ದೇನೆ."

"ಹಾಗಾದ್ರೆ ಚೂರಿ ಕೆಳಗಿಡು, ಆಮೇಲೆ ಹೇಳ್ತೇನೆ."

ಒಂದು ಹಾಲ್, ಒಂದು ಬೆಡ್‌ರೂಮ್. ನಾಲ್ಕನೇ ಮಹಡಿ. ಲಿಫ್ಟ್ ಉಂಟು, ಮನಸ್ಸು ಬಂದಾಗ ಓಡುತ್ತದಂತೆ. ಅಡುಗೆಮನೆಯ ಕಿಟಕಿಯಿಂದ ರೈಲು ಹಳಿ ಕಾಣುತ್ತದಂತೆ. ಅವನ ಕಂಟೇನರ್ ಆಫೀಸಿಗೆ ಒಂದೇ ಬಸ್. ನಾನು ಕಿರುಚಿದೆ. ಬೆಳ್ಳುಳ್ಳಿಯ ತಟ್ಟೆ ನೆಲಕ್ಕೆ. ಮಾಮಿ ಎದೆ ಮುಟ್ಟಿಕೊಂಡು "ಅಲ್ಹಮ್ದುಲಿಲ್ಲಾಹ್" ಎಂದರು. ನಿಝಾರ್‌ನ ಅಣ್ಣ ಬದ್ರು ಭಾವನ ಹೆಂಡತಿ ನುಸೈಬಕ್ಕ ಒಳಗಿನಿಂದ ಓಡಿ ಬಂದಳು — "ಎಂತ, ಲಾಟರಿಯಾ?" ನನಗೆ ಲಾಟರಿಯೇ! ಹಾಲ್‌ಗೆ ಹಳದಿ ಕರ್ಟನ್. ಬೆಡ್‌ರೂಮಿಗೆ ಇನ್ನೂ ಡಿಸೈಡ್ ಮಾಡಿಲ್ಲ.

ಮಧ್ಯಾಹ್ನ ಮಾಮ ನಮ್ಮ ಹೋಟೆಲಿನಿಂದ ಊಟಕ್ಕೆ ಬಂದಾಗ ಹೇಳಿದೆ. ಗಡ್ಡ ನೇವರಿಸಿಕೊಂಡು ನಕ್ಕರು. "ಸಂತೋಷ ಮಗಳೇ, ಸಂತೋಷ. ಹೋಗುವ."

"ಯಾವಾಗ ಮಾಮ?"

"ನೋಡುವ."

ಎಷ್ಟು ಒಳ್ಳೆಯ ಮಾವ! ನನ್ನ ಕಾಲೇಜಿನ ಲಿಡಿಯಾಳ ಮಾವನಾಗಿದ್ದರೆ ಸಾವಿರ ಪ್ರಶ್ನೆ ಕೇಳುತ್ತಿದ್ದರು.

(ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ? ನರ್ಸರಿಯಿಂದ ಎಲ್ಲ ಇಂಗ್ಲಿಷ್. ಆದರೆ ಇಂಗ್ಲಿಷ್‌ನಲ್ಲಿ ಬರೆದರೆ ಆಫೀಸಿನ ಮೇಲ್ ತರಹ ಆಗುತ್ತದೆ. ಖುಷಿಗೆ "ಪ್ಲೀಸ್ ಫೈಂಡ್ ಅಟ್ಯಾಚ್ಡ್" ಹಾಕಲು ಆಗುವುದಿಲ್ಲ.)

ಜನವರಿ 8, ಗುರುವಾರ

ಬೋರ್. ಮನೆ ಸಿಕ್ಕಿದೆ, ತಾರೀಕು ಸಿಕ್ಕಿಲ್ಲ. ಪನ್ವೇಲಿಗೆ ಹೋಗುವವಳು ಎಂದು ಮದುವೆಗೆ ಮೊದಲೇ ಕಂಪನಿಯ ಡೇಟಾ ಕೆಲಸಕ್ಕೆ ರಾಜೀನಾಮೆ ಕೊಟ್ಟವಳು ನಾನು. ಲ್ಯಾಪ್‌ಟಾಪ್ ಬೀರುವಿನಲ್ಲಿ ಮದುವೆ ಸೀರೆಗಳ ಅಡಿಯಲ್ಲಿ ಮಲಗಿತ್ತು. ಇವತ್ತು ಎಬ್ಬಿಸಿದೆ!

ಆದದ್ದು ಹೀಗೆ. ಬದ್ರು ಭಾವ ಊಟಕ್ಕೆ ಕೂತಾಗ ಒಂದೇ ಗೋಳು. ಒಂದು ದಿನ ನೈಚೋರು, ಅಂದರೆ ತುಪ್ಪದನ್ನ, ಪಾತ್ರೆಯಲ್ಲೇ ಉಳಿಯುತ್ತದೆ, ಇನ್ನೊಂದು ದಿನ ಬೇಗ ಮುಗಿದು ಗಿರಾಕಿಗಳು ವಾಪಸು. ಫಳ್ನೀರಿನ ಹೋಟೆಲ್‌ನಲ್ಲೂ ಹಾಗೇ, ಶಕ್ತಿನಗರದ್ದರಲ್ಲೂ ಹಾಗೇ. ಬಾಯಿ ತಡೆಯಲಿಲ್ಲ ನನಗೆ.

"ಬಿಲ್ಲಿಂಗ್ ಮಿಷನ್‌ನ ಡೇಟಾ ಕೊಡಿ ಭಾವ, ಹೀಟ್ ಮ್ಯಾಪ್ ಮಾಡಿ ಕೊಡ್ತೇನೆ."

"ಎಂತ ಮ್ಯಾಪ್?"

"ಹೀಟ್. ಅಂದ್ರೆ ಬಿಸಿ."

"ಬಿಸಿ ಇಲ್ಲಿ ಅಡುಗೆಮನೆಯಲ್ಲೇ ಬೇಕಾದಷ್ಟುಂಟು," ನುಸೈಬಕ್ಕ.

ಸಂಜೆ ಭಾವ ಪೆನ್‌ಡ್ರೈವ್ ತಂದುಕೊಟ್ಟರು. ವಾರದ ದಿನಗಳು ಅಡ್ಡ ಸಾಲಿನಲ್ಲಿ. ಗಂಟೆಗಳು ಮೇಲಿಂದ ಕೆಳಗೆ. ನಡುವೆ ಚೌಕಗಳು — ಹೆಚ್ಚು ಪ್ಲೇಟ್ ಹೋದ ಹೊತ್ತು ಕಡು ಕೆಂಪು, ಕಡಿಮೆ ಹೋದದ್ದು ಬಿಳಿಚು. ಅಷ್ಟೇ. ಸೆಟ್ಟಿಂಗ್ಸ್ ಒಂದೂ ಮುಟ್ಟಿರಲಿಲ್ಲ, ಹಾಗೇ ತೋರಿಸಿದೆ. ಮಾಮ ಕನ್ನಡಕ ಹಾಕಿ ಬಗ್ಗಿದರು.

"ಮಾಷಾ ಅಲ್ಲಾಹ್! ಶುಕ್ರವಾರ ಮೊದಲು ಇಟ್ಟಿದೆ! ಕಂಪ್ಯೂಟರಿಗೂ ಗೊತ್ತುಂಟು ನೋಡು!"

ಸಾಫ್ಟ್‌ವೇರ್ ದಿನಗಳನ್ನು ಇಂಗ್ಲಿಷ್ ಅಕ್ಷರದ ಕ್ರಮದಲ್ಲಿ ಜೋಡಿಸಿತ್ತು. ಎಫ್ ಮೊದಲು ಬಂತು, ಅಷ್ಟೇ. ಹೇಳಲು ಮನಸ್ಸಾಗಲಿಲ್ಲ. ಎಷ್ಟು ಖುಷಿ ಅವರಿಗೆ!

ಜನವರಿ 11, ಭಾನುವಾರ

ಮೂರು ದಿನದಿಂದ ಮ್ಯಾಪ್‌ನ ಆಕ್ಸಿಸ್ ಜೊತೆ, ಅಂದರೆ ಅಂಚಿನ ದಿನ-ಗಂಟೆಗಳ ಜೊತೆ ಕುಸ್ತಿ. ಎಷ್ಟು ಮಿಸ್ ಮಾಡಿಕೊಂಡಿದ್ದೆ ಇದನ್ನು!

ದಿನಗಳನ್ನು ಕೈಯಲ್ಲೇ ಎಳೆದು ಸೋಮವಾರದಿಂದ ಜೋಡಿಸಿದೆ. ಮಾಮನ ಮುಖ ಸ್ವಲ್ಪ ಬಾಡಿತು. ಗಂಟೆಗಳು ಇನ್ನೂ ಮಜಾ — ಸಾಫ್ಟ್‌ವೇರ್ ಅವನ್ನು ಪದ ಎಂದುಕೊಂಡು ಹತ್ತರಿಂದ ಇಪ್ಪತ್ತೆರಡು ಗಂಟೆವರೆಗೆ ಮೊದಲು, ಬೆಳಗಿನ ಎಂಟು, ಒಂಬತ್ತು ಆಮೇಲೆ ಎಂದು ಇಟ್ಟಿತ್ತು. ಸಂಖ್ಯೆ ಎಂದು ಹೇಳಿಕೊಟ್ಟೆ. ಆಗ ಇಡೀ ಆಕ್ಸಿಸ್ ತಲೆಕೆಳಗಾಯಿತು, ಬೆಳಗ್ಗೆ ಕೆಳಗೆ, ರಾತ್ರಿ ಮೇಲೆ. ತಿರುಗಿಸಿದೆ. ಇಷ್ಟಾದರೂ ಒಂದೇ ಚೌಕ ಕಡು ಕೆಂಪು, ಬಾಕಿಯೆಲ್ಲ ನೀರು ಹೆಚ್ಚಾದ ಚಹಾದ ಬಣ್ಣ. ನೋಡಿದರೆ ಯಾರದೋ ಮದುವೆಯ ಪಾರ್ಸೆಲ್, ಒಂದೇ ಬಿಲ್ಲಿನಲ್ಲಿ! ಅದೊಂದು ಬಿಲ್ ಬಣ್ಣ ಕೆಡಿಸದ ಹಾಗೆ ಕಡು ಕೆಂಪಿನ ಮಿತಿಯನ್ನು ನಾನೇ ಕಟ್ಟಿದೆ. ಕನ್ನಡಕ ಹಾಕಿದ ಹಾಗೆ ಚಿತ್ರ ತಿಳಿಯಾಯಿತು.

ನುಸೈಬಕ್ಕ ಬಾಗಿಲಲ್ಲಿ ನಿಂತು ನೋಡಿದಳು. "ತುಂಡು ಬಟ್ಟೆಯ ಬೆಡ್‌ಶೀಟ್. ನನ್ನ ಅಜ್ಜಿ ಹೊಲೀತಿದ್ರು."

ಅವಳು ಹಾಗೇ. ಬಿ.ಕಾಂ. ರ‍್ಯಾಂಕ್ ಬಂದವಳಂತೆ, ಮಾಮಿ ಹೇಳಿದರು. ಅವಳು ಹೇಳಿಲ್ಲ.

ನಿಝಾರ್ ಜೊತೆ ಅವನ ಅಪ್ಪನ ವಿಷಯ ಮಾತಾಡಿದೆ. "ಉಪ್ಪನ ಹತ್ರ ನೀನೇ ತಾರೀಕು ಕೇಳು ನಿಝಾರ್."

"ಕೇಳ್ತೇನೆ. ನೋಡುವ."

ಅಯ್ಯೋ, ಅದೇ ಶಬ್ದ! ಅದೇ ಎಳೆತ! ಜೋರಾಗಿ ನಕ್ಕೆ. ಅವನಿಗೆ ಯಾಕೆಂದು ಗೊತ್ತಾಗಲಿಲ್ಲ.

ಜನವರಿ 14, ಬುಧವಾರ

ಇವತ್ತೂ ಜನ. ಮಾಮಿಯ ಚಿಕ್ಕಮ್ಮನ ಮಕ್ಕಳು. ಚಿನ್ನ ಹಾಕಿ ಸೋಫಾದಲ್ಲಿ ಕೂತೆ. ಮದುಮಗಳನ್ನು ನೋಡಲು ಬಂದವರಿಗೆ ಮಾಮ ತೋರಿಸಿದ್ದು ಲ್ಯಾಪ್‌ಟಾಪ್!

"ನೋಡಿ, ಇದು ನಮ್ಮ ರಾಹಿಲಾ ಮಾಡಿದ್ದು. ಮಂಗಳವಾರ ಮಧ್ಯಾಹ್ನ ಎಷ್ಟು ಬೇಕು, ಇಲ್ಲಿ ಉಂಟು. ಶಕ್ತಿನಗರದ್ದು ಬೇರೆ ಉಂಟು. ಒತ್ತು ಮಗಳೇ, ಶಕ್ತಿನಗರ ಒತ್ತು."

ಒತ್ತಿದೆ. ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ. ಒಬ್ಬರು ಕೇಳಿದರು, "ಮತ್ತೆ ಗಂಡನ ಹತ್ರ ಯಾವಾಗ ಪಯಣ?"

ನಾನು ಬಾಯಿ ತೆರೆಯುವ ಮೊದಲೇ ಮಾಮ — "ಇವಳು ಹೋದ್ರೆ ಇದನ್ನು ಯಾರು ನೋಡುವುದು?"

ಎಲ್ಲರೂ ನಕ್ಕರು. ನಾನೂ. ಕೋಣೆಗೆ ಬಂದ ಮೇಲೆ ಆ ನಗು ಎಲ್ಲಿ ಸಿಕ್ಕಿಹಾಕಿಕೊಂಡಿತೋ, ಕೆಳಗೆ ಇಳಿಯಲಿಲ್ಲ.

ಸಂಜೆ ದೇರೆಬೈಲಿಗೆ, ತವರಿಗೆ, ಉಮ್ಮನ ಹತ್ತಿರ ಹೋಗಿ ಬರೋಣ ಅನಿಸಿತು. ಕಾರು ಹೋಟೆಲಿನಲ್ಲಿ. ಬಸ್ಸಿನಲ್ಲಿ ಹೋಗುತ್ತೇನೆ ಎಂದೆ. ಕಾಲೇಜಿಗೆ ವರ್ಷಗಟ್ಟಲೆ ಅದೇ ಬಸ್ಸಿನಲ್ಲಿ ನೇತಾಡಿದವಳು. ಮಾಮಿ ಗಾಬರಿ. "ಹೊಸ ಮದುಮಗಳು ಬಸ್ಸಿನಲ್ಲಾ? ಬೇಡ ಮಗಳೇ, ಜನ ನಮಗೆ ಎಂತ ಹೇಳಿಯಾರು?" ಹೋಗಲಿಲ್ಲ. ಆಮೇಲೆ ಅವರೇ ನನ್ನ ಕೋಣೆಗೆ ಅಂಜಲ್ ಮೀನಿನ ಫ್ರೈ ತಂದುಕೊಟ್ಟರು, ನಡುವಿನ ತುಂಡು. ಇಷ್ಟು ಪ್ರೀತಿ ಮಾಡುವವರ ಮೇಲೆ ಸಿಟ್ಟು ಮಾಡುವುದು ಹೇಗೆ? ಹೇಗೆ ಎಂದು ಗೊತ್ತಿಲ್ಲದೆ ಫ್ರೈ ತಿಂದೆ.

ಜನವರಿ 20, ಮಂಗಳವಾರ

ಪ್ಲ್ಯಾನ್! ಹೀಟ್ ಮ್ಯಾಪ್‌ನಿಂದ ಹೋಟೆಲಿಗೆ ಒಂದು ದೊಡ್ಡ ಉಪಯೋಗ ಮಾಡಿಕೊಟ್ಟರೆ ಕೆಲಸ ಮುಗಿಯಿತು ಎಂದು ಕೈ ಒರೆಸಿಕೊಳ್ಳಬಹುದು. ಆಗ ಮಾಮ ತಾರೀಕು ಹೇಳಲೇಬೇಕು. ಮುಂದಿನ ತಿಂಗಳ ಅರ್ಧಕ್ಕೆ ನೋಂಬು ಶುರು. ಅದಕ್ಕೆ ಮೊದಲು ಹೊರಡದಿದ್ದರೆ ಉಪವಾಸದ ತಿಂಗಳೆಲ್ಲ ಇಲ್ಲೇ. ಆಮೇಲೆ ಪೆರ್ನಾಲ್. ಹಬ್ಬಕ್ಕೆ ಮನೆ ಬಿಟ್ಟು ಹೋಗಲು ಯಾರು ಬಿಡುತ್ತಾರೆ?

ಉಪಯೋಗ ಸಿಕ್ಕಿತು. ಶುಕ್ರವಾರದ ಕಾಲಂನಲ್ಲಿ ಮಧ್ಯಾಹ್ನ ಉರಿ ಕೆಂಪು, ಜುಮ್ಮಾ ನಮಾಝ್ ಬಿಟ್ಟ ಹೊತ್ತು. ಆದರೆ ರಾತ್ರಿಯ ಚೌಕಗಳು ಬಿಳಿ. ವಾರವಾರ ಅಷ್ಟು ಅನ್ನ ಉಳಿಯುವುದು ಅಲ್ಲೇ. ಊಟದ ಟೇಬಲ್‌ನಲ್ಲೇ ಹೇಳಿದೆ.

"ಭಾವ, ಶುಕ್ರವಾರ ರಾತ್ರಿ ನೈಚೋರು ಅರ್ಧ ಮಾಡಿದ್ರೆ ಸಾಕು."

ಬದ್ರು ಭಾವನ ಕೈ ತುತ್ತಿನಲ್ಲೇ ನಿಂತಿತು. "ಶುಕ್ರವಾರ ರಾತ್ರಿಯಾ? ಸರಿಯಾಗಿ ನೋಡಿದ್ದೀಯಾ?"

"ಎರಡೆರಡು ಸಲ. ಬಣ್ಣವೇ ಇಲ್ಲ ಭಾವ."

ಭಾವ ಮಾಮನ ಮುಖ ನೋಡಿದರು. ಮಾಮ — "ಕಲಿತವಳು ಹೇಳ್ತಾಳೆ. ಮಾಡಿ ನೋಡುವ."

ಇದು ಮಾತ್ರ ನಿಜವಾದ "ನೋಡುವ"! ನಿಝಾರ್‌ಗೆ ಹೃದಯದ ಎಮೋಜಿ ಇಪ್ಪತ್ತು ಕಳಿಸಿದೆ.

ಜನವರಿ 23, ಶುಕ್ರವಾರ

ಬರೆಯಲು ಕೈ ಬರುವುದಿಲ್ಲ. ಬರೆಯುತ್ತೇನೆ.

ನಿನ್ನೆ ಗುರುವಾರ. ಮುಸ್ಸಂಜೆಯ ಮಗ್ರಿಬ್ ನಮಾಝ್ ಮುಗಿಸಿ ಕೂತಿದ್ದೆ, ಬದ್ರು ಭಾವನ ಫೋನ್. ಹಿಂದೆ ಜನರ ಗದ್ದಲ.

"ರಾಹಿಲಾ, ಅನ್ನ ಮುಗಿಯಿತು! ಹೊರಗೆ ರಸ್ತೆವರೆಗೆ ಜನ ಉಂಟು! ಎಂತ ಲೆಕ್ಕ ಕೊಟ್ಟೆ ಮಾರಾಯ್ತಿ ನೀನು?"

"ನಾನು... ಭಾವ, ಇವತ್ತು ಅರ್ಧ ಮಾಡಿದ್ರಾ? ಯಾಕೆ? ಇವತ್ತು ಗುರುವಾರ ಅಲ್ವಾ?"

"ಗುರುವಾರ ಮಗ್ರಿಬ್‌ಗೆ ಮುಗಿಯಿತು. ಈಗ ಯಾವ ರಾತ್ರಿ? ಹೇಳು, ಯಾವ ರಾತ್ರಿ?"

ಶುಕ್ರವಾರ ರಾತ್ರಿ.

ನಮ್ಮಲ್ಲಿ ಸೂರ್ಯ ಮುಳುಗಿದರೆ ಮರುದಿನ ಶುರು. ಶುಕ್ರವಾರದ ರಾತ್ರಿ ಎಂದರೆ ಶುಕ್ರವಾರಕ್ಕೆ ಮೊದಲು ಬರುವ ರಾತ್ರಿ. ನನಗೆ ಗೊತ್ತಿಲ್ಲವೇ? "ಶುಕ್ರವಾರ ರಾತ್ರಿ, ಯಾಸೀನ್ ಓದು" ಎಂದು ಉಮ್ಮ ಚಿಕ್ಕಂದಿನಿಂದ ನನ್ನನ್ನು ಕೂರಿಸಿದ್ದು ಗುರುವಾರ ಸಂಜೆಗಳಲ್ಲೇ. ಗೊತ್ತಿದ್ದೂ ಸ್ಕ್ರೀನ್ ನೋಡಿ ಓದಿದೆ. ಅದರ ದಿನ ನಡುರಾತ್ರಿಗೆ ಶುರು. ನಾನು ಹೇಳಿದ್ದು ಅದರ ಶುಕ್ರವಾರ ರಾತ್ರಿ, ಭಾವ ಕೇಳಿಸಿಕೊಂಡದ್ದು ನಮ್ಮ ಶುಕ್ರವಾರ ರಾತ್ರಿ. ಮನೆ ಮನೆಯಲ್ಲಿ ಮೌಲಿದ್ ಓದಿ ಊಟ ಹಾಕುವ, ವಾರದಲ್ಲೇ ಹೆಚ್ಚು ಪಾರ್ಸೆಲ್ ಹೋಗುವ ರಾತ್ರಿ. ಮ್ಯಾಪ್‌ನಲ್ಲಿ ಗುರುವಾರದ ಕೊನೆಯ ಚೌಕಗಳು ಕಡು ಕೆಂಪಾಗಿ ನನ್ನ ಮೂಗಿನ ಕೆಳಗೇ ಇದ್ದವು.

ಮಾಮ ಸ್ವತಃ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹತ್ತಿರವೂ ಕ್ಷಮೆ ಕೇಳಿದರಂತೆ. ಟಿಫಿನ್ ಕ್ಯಾರಿಯರ್ ಹಿಡಿದು ಪ್ರತಿ ವಾರ ಬರುವ ಮುದುಕರೊಬ್ಬರು ಖಾಲಿ ಕ್ಯಾರಿಯರ್ ತೂಗಿಸಿಕೊಂಡು ವಾಪಸು ಹೋದರಂತೆ. ಭಾವ ಇದನ್ನು ಎರಡು ಸಲ ಹೇಳಿದರು.

ಇವತ್ತು ಜುಮ್ಮಾ ಮುಗಿಸಿ ಬಂದ ಮಾಮ ನನ್ನನ್ನು ಕರೆದರು. ಬೈಯುತ್ತಾರೆ ಎಂದು ದುಪಟ್ಟಾ ಮುಷ್ಟಿಯಲ್ಲಿ ಹಿಡಿದು ನಿಂತೆ.

"ತಪ್ಪು ಎಲ್ಲರಿಂದ ಆಗ್ತದೆ ಮಗಳೇ. ಕಣ್ಣೀರು ಹಾಕ್ಬೇಡ. ದೂರದಲ್ಲಿ ಕೂತು ಮಾಡಿದ್ರೆ ಹೀಗೇ. ನೋಂಬಿನ ತಿಂಗಳು ಇಲ್ಲೇ ಇರು, ಇಫ್ತಾರ್ ಲೆಕ್ಕವೆಲ್ಲ ಹತ್ತಿರ ನಿಂತು ನೀನೇ ಸರಿ ಮಾಡು. ಪೆರ್ನಾಲ್ ಕಳೆದು ಹೋಗುವ."

ಬೈದಿದ್ದರೆ ಒಳ್ಳೆಯದಿತ್ತು. ಬೈಗುಳ ತಿಂದವಳು ಗಂಟು ಕಟ್ಟಿ ಹೊರಡಬಹುದು. ಕ್ಷಮಿಸಿದರೆ ಎಲ್ಲಿಗೆ ಹೋಗುವುದು?

ಜನವರಿ 24, ಶನಿವಾರ

ನಿಝಾರ್‌ಗೆ ಎಲ್ಲ ಮೊದಲೇ ಗೊತ್ತು. ಮಾಮ ಹೇಳಿದ್ದಾರೆ.

"ಉಪ್ಪ ಹೇಳಿದ್ರಲ್ಲಿ ಎಂತ ತಪ್ಪುಂಟು ರಾಹಿ? ಪೆರ್ನಾಲ್‌ವರೆಗೆ ತಾನೆ. ಹಬ್ಬಕ್ಕೆ ನಾನೇ ಬರ್ತೇನೆ."

"ಮನೆ?"

"ಮನೆಗೆ ಎಂತ ಆಗ್ತದೆ? ನಮ್ಮ ಆಫೀಸಿನ ಜಿತೇಶ್‌ಗೆ ಇರ್ಲಿಕ್ಕೆ ಹೇಳಿದ್ದೇನೆ. ಹೇಗೂ ನೀನು ಬರುದಿಲ್ಲವಲ್ಲ."

ಹೇಗೂ ನೀನು ಬರುವುದಿಲ್ಲವಲ್ಲ... ನನ್ನ ಹಳದಿ ಕರ್ಟನ್‌ನ ಮನೆಯಲ್ಲಿ ಯಾವನೋ ಜಿತೇಶ್ ಬನಿಯನ್ ಒಣಗಿಸುತ್ತಾನೆ.

ಫೋನ್ ನಾನೇ ಇಟ್ಟೆ. ಮದುವೆಯಾದ ಮೇಲೆ ಮೊದಲ ಸಲ.

ಜನವರಿ 28, ಬುಧವಾರ

ಬೆಳ್ಳುಳ್ಳಿ. ಊಟ. ಅತಿಥಿಗಳು. ಚಿನ್ನ ಹಾಕು, ಚಿನ್ನ ತೆಗೆ. ಕಿಟಕಿಯ ಹೊರಗೆ ಪಕ್ಕದ ಬಿಲ್ಡಿಂಗಿನ ಗೋಡೆ. ನನ್ನ ದಿನಗಳನ್ನು ಮ್ಯಾಪ್ ಮಾಡಿದರೆ ಎಲ್ಲ ಚೌಕಕ್ಕೂ ಒಂದೇ ಬಣ್ಣ. ಯಾವ ಸೆಟ್ಟಿಂಗ್ ಬದಲಾಯಿಸಿದರೂ.

ಭಾವ ಕಳೆದ ವರ್ಷದ ನೋಂಬಿನ ಡೇಟಾ ತಂದಿಟ್ಟಿದ್ದಾರೆ. ಮುಟ್ಟಲಿಲ್ಲ.

ಜನವರಿ 30, ಶುಕ್ರವಾರ

ಮುಟ್ಟಿದೆ. ಬೇರೆ ಎಂತ ಮಾಡುವುದು?

ಒಂದು ಯೋಚನೆ ಬಂತು, ಅಡುಗೆಮನೆಯಲ್ಲಿ ನಿಂತಾಗ. ಫ್ರಿಜ್ಜಿನ ಪಕ್ಕದ ಗೋಡೆಯಲ್ಲಿ ಮಸೀದಿಯ ಕ್ಯಾಲೆಂಡರ್, ದಿನದಿನದ ನಮಾಝ್ ಹೊತ್ತುಗಳೆಲ್ಲ ಅಚ್ಚಾಗಿವೆ. ಮನೆಯವರು ಗಡಿಯಾರ ನೋಡಿ ಮಾತಾಡುವುದೇ ಇಲ್ಲ. "ಅಸರ್ ಆದ ಮೇಲೆ ಬಾ." "ಇಶಾಕ್ಕೆ ಮೊದಲು ಕಳಿಸು." ಮತ್ತೆ ನಾನು ಯಾಕೆ ಅವರ ಮುಂದೆ ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತೊಂದು ಗಂಟೆ ಎಂದು ಆಕ್ಸಿಸ್ ಇಟ್ಟೆ?

ಕ್ಯಾಲೆಂಡರಿನ ಫೋಟೋ ಹೊಡೆದು ಹೊತ್ತುಗಳನ್ನೆಲ್ಲ ಟೈಪ್ ಮಾಡಿದೆ. ಗಂಟೆಗಳನ್ನು ಆಕ್ಸಿಸ್‌ನಿಂದ ಕಿತ್ತೆ. ಮಗ್ರಿಬ್ ಆದ ಮೇಲಿನ ಬಿಲ್ಲೆಲ್ಲ ಮರುದಿನದ ಕಾಲಂಗೆ ತಳ್ಳಿದೆ. ಮೇಲಿಂದ ಕೆಳಕ್ಕೆ ಮುಸ್ಸಂಜೆಯ ಮಗ್ರಿಬ್, ರಾತ್ರಿಯ ಇಶಾ, ನಸುಕಿನ ಸುಬುಹಿ, ಮಧ್ಯಾಹ್ನದ ಲುಹರ್, ಇಳಿಹೊತ್ತಿನ ಅಸರ್ — ಸಾಫ್ಟ್‌ವೇರ್ ಮತ್ತೆ ಅಕ್ಷರದ ಕ್ರಮಕ್ಕೆ ಓಡಿತು, ಕಿವಿ ಹಿಡಿದು ವಾಪಸು ತಂದೆ. ಶುಕ್ರವಾರದ ಕಾಲಂ ತೆರೆದುಕೊಂಡಿತು. ತಲೆಯಲ್ಲೇ ಮಗ್ರಿಬ್‌ನ ಚೌಕ, ಕಡು ಕೆಂಪು. ಕೆಳಗೆ ಲುಹರ್ ಸಾಲಿನಲ್ಲಿ ಜುಮ್ಮಾದ ಕೆಂಪು. ಒಂದೇ ದಿನ, ಇಡೀ ದಿನ, ತುಂಡಾಗದೆ.

ನುಸೈಬಕ್ಕ ಒಗೆದ ಬಟ್ಟೆ ಹಿಡಿದು ಒಳಗೆ ಬಂದವಳು ನಿಂತಳು. ನಾನು ಒಂದಕ್ಷರ ಹೇಳಿರಲಿಲ್ಲ.

"ಹೋ. ಇದು ನಮ್ಮ ದಿನ!"

ಬಟ್ಟೆ ಮಂಚದ ಮೇಲೆ ಹಾಕಿ ಕೂತೇ ಬಿಟ್ಟಳು. "ಶಕ್ತಿನಗರ ತೋರಿಸು. ಇದೆಂತ, ಮಂಗಳವಾರ ಅಸರ್ ಹೊತ್ತಿಗೆ ಇಷ್ಟು ಕೆಂಪು? ಅಲ್ಲಿ ಹತ್ತಿರ ಟ್ಯೂಷನ್ ಕ್ಲಾಸ್ ಉಂಟು, ಮಕ್ಕಳು ಹಸಿದು ಬರ್ತಾರೆ. ಬಿರಿಯಾನಿ ಯಾಕೆ ಆ ಹೊತ್ತಿಗೆ? ಸಮೋಸ ಇಟ್ರೆ ಸಾಕು. ಇವರಿಗೆ ನಾನು ಹೇಳಿ ಹೇಳಿ... ಹೋಗ್ಲಿ."

ಆಮೇಲೆ ಬಾಗಿಲು ಹಾಕಿ ಬಂದಳು. ತಮಾಷೆಯ ಮುಖ ಅಲ್ಲ.

"ರಾಹಿ, ನನಗೆ ಇದನ್ನು ಕಲಿಸು."

"ಯಾಕೆ ಅಕ್ಕ?"

"ನಿನಗೆ ಇಲ್ಲಿಂದ ಹೋಗ್ಬೇಕು. ನನಗೆ ಹೋಟೆಲಿಗೆ ಹೋಗ್ಬೇಕು. ಅಲ್ಲಿ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಉಂಟು, ಧೂಳು ತಿಂತಾ ಉಂಟು. ಮದುವೆಯಾದ ವರ್ಷ ಕೇಳಿದ್ದೆ, ಅಕೌಂಟ್ಸ್ ನಾನು ನೋಡ್ತೇನೆ ಅಂತ. ಎಂತ ಹೇಳಿದ್ರು ಗೊತ್ತುಂಟಲ್ಲ?"

"ನೋಡುವ."

"ಆಗ ನನ್ನ ಮಗಳು ಹುಟ್ಟಿರ್ಲಿಲ್ಲ. ಈಗ ಅವಳಿಗೆ ಗುಣಾಕಾರ ಬರ್ತದೆ."

ಇಷ್ಟು ದಿನ ಇವಳ ಕುಟುಕು ನನ್ನ ಮೇಲಿನ ಹೊಟ್ಟೆಕಿಚ್ಚು ಅಂದುಕೊಂಡಿದ್ದೆ. ಹೊಟ್ಟೆಕಿಚ್ಚೇ. ಆದರೆ ಪನ್ವೇಲ್ ಮನೆಗಲ್ಲ, ಲ್ಯಾಪ್‌ಟಾಪಿಗೆ.

ಫೆಬ್ರವರಿ 2, ಸೋಮವಾರ

ಟ್ಯೂಷನ್ ಜೋರು! ಮಾಮಿಗೆ ಬೆಳ್ಳುಳ್ಳಿ ಸುಲಿದು ಕೊಟ್ಟು ಇಬ್ಬರೂ ಕೋಣೆಗೆ. ಪಾಪ ಮಾಮಿ, ನಾವು ಸೀರೆ ನೋಡುತ್ತೇವೆ ಅಂದುಕೊಂಡಿದ್ದಾರೆ. ಅಥವಾ ಹಾಗೆ ನಟಿಸುತ್ತಾರೆ.

ನುಸೈಬಕ್ಕ ಆಕ್ಸಿಸ್ ಹಿಡಿದು ಎಲ್ಲಿಗೋ ಎಳೆದಳು. ಇಡೀ ಮ್ಯಾಪ್ ಮಾಯ.

"ಹೋಯ್ತು ಮಾರಾಯ್ತಿ! ಎಲ್ಲ ಹೋಯ್ತು! ಇವರ ಹೋಟೆಲೇ ಹೋಯ್ತು!"

"ಏನೂ ಹೋಗಿಲ್ಲ. ಕಂಟ್ರೋಲ್ ಒತ್ತಿ ಹಿಡಿ, ಝಡ್ ಒತ್ತು."

ವಾಪಸು ಬಂತು. ಅವಳು ಬೆರಳನ್ನೇ ನೋಡಿದಳು. "ಮಾಡಿದ್ದನ್ನು ಮಾಡದ ಹಾಗೆ ಮಾಡುವ ಬಟನ್! ಇದು ಮದುವೆಗೂ ಉಂಟಾ?"

ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡೆವು. ಎಷ್ಟು ದಿನವಾಯಿತು ಹೀಗೆ ನಕ್ಕು! ಆಮೇಲೆ ಅವಳೇ ಮೆಲ್ಲಗೆ ಹೇಳಿದಳು — "ನನಗೆ ಬೇಡ, ಸುಮ್ನೆ ಕೇಳಿದೆ. ನಿನಗೆ?"

ನನಗೂ ಬೇಡ. ನಿಝಾರ್ ಬೇಕು. ಅವನ ಧ್ವನಿ ಬೇಕು, ಅವನು ಚಹಾ ಊದಿ ಕುಡಿಯುವುದು ನೋಡಬೇಕು. ಅದಕ್ಕೇ ಅಲ್ಲವೇ ಇಷ್ಟು ಸಿಟ್ಟು.

ನೋಂಬಿನ ಮ್ಯಾಪ್ ಅವಳೇ ಮಾಡಿದಳು. ನಾನು ಕೈ ಕಟ್ಟಿ ಕೂತಿದ್ದೆ. ಆ ತಿಂಗಳು ಲುಹರ್ ಸಾಲು ಪೂರ್ತಿ ಖಾಲಿ. ಖಾಲಿ ಸಾಲನ್ನು ಸಾಫ್ಟ್‌ವೇರ್ ತಾನೇ ಅಡಗಿಸಿಬಿಡುತ್ತದೆ. "ಅಡಗಿಸ್ಬಾರ್ದು, ಖಾಲಿಯಾಗಿಯೇ ಕಾಣ್ಬೇಕು, ಇಲ್ಲದಿದ್ರೆ ಅಸರ್‌ನ್ನೇ ಲುಹರ್ ಅಂತ ಓದ್ತಾರೆ" ಎಂದು ಸೆಟ್ಟಿಂಗ್ ಹುಡುಕಿ ತೆಗೆದಳು. ನನಗೆ ಹೊಳೆದಿರಲಿಲ್ಲ ಅದು!

ಫೆಬ್ರವರಿ 4, ಬುಧವಾರ

ಇವತ್ತು ಮಧ್ಯಾಹ್ನ. ಎಲ್ಲರೂ ಟೇಬಲ್‌ನಲ್ಲಿ. ಅಕ್ಕಿ ಹಿಟ್ಟಿನ ಪತ್ತಿರಿ, ಕೋಳಿ ಗಸಿ. ನುಸೈಬಕ್ಕ ಕಾಲಿನಿಂದ ಕಾಲು ತಿವಿದಳು.

"ಮಾಮ, ನೋಂಬಿನ ಮ್ಯಾಪ್ ಆಗಿದೆ. ಮಾಡಿದ್ದು ನಾನಲ್ಲ. ನುಸೈಬಕ್ಕ."

ಬದ್ರು ಭಾವ ಹೆಂಡತಿಯ ಕಡೆ ತಿರುಗಿದರು. "ನೀನಾ?"

"ಹೌದು, ನಾನೇ. ಪತ್ತಿರಿ ಬಿಟ್ಟು ಬೇರೆಯೂ ಬರ್ತದೆ ನನಗೆ."

ಅವಳು ಲ್ಯಾಪ್‌ಟಾಪ್ ತಂದು ಸಾಲು ಸಾಲಾಗಿ ಓದಿ ಹೇಳಿದಳು. ಯಾವ ಹೊತ್ತಿಗೆ ಎಷ್ಟು, ಎಲ್ಲಿ ಕಡಿಮೆ, ಎಲ್ಲಿ ಸಮೋಸ. ಭಾವ ಎರಡು ಕಡೆ ಅಡ್ಡ ಪ್ರಶ್ನೆ ಹಾಕಿದರು, ಎರಡಕ್ಕೂ ಉತ್ತರ ಇತ್ತು. ಮಾಮ ತಿನ್ನುವುದು ನಿಲ್ಲಿಸಿದ್ದರು.

"ದಿನಾ ಹೋಟೆಲಿಗೆ ಬಂದು ಇದನ್ನು ನಾನು ನೋಡ್ತೇನೆ ಮಾಮ," ಎಂದಳು.

"ಮತ್ತೆ ನಾನು ಪನ್ವೇಲಿಗೆ ಹೋಗ್ತೇನೆ," ಎಂದೆ. "ನೋಂಬಿಗೆ ಮೊದಲು."

ಮಾಮ ಲೋಟ ಎತ್ತಿ ನೀರು ಕುಡಿದರು. "ಆಗ್ಲಿ, ಆಗ್ಲಿ. ಎರಡನ್ನೂ ನೋಡುವ."

"ನೋಡುವ ಬೇಡ ಮಾಮ. ತಾರೀಕು ಹೇಳಿ."

ಎಲ್ಲಿಂದ ಬಂತು ನನಗೆ ಆ ಧ್ವನಿ! ಭಾವ ತಟ್ಟೆ ನೋಡಿದರು. ಮಾಮನ ಮುಖ ಕೆಂಪಾಗುತ್ತಾ ಬಂತು. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಆಗ ಮಾಮಿ. ಇಷ್ಟು ದಿನದಲ್ಲಿ ಮಾಮನ ಎದುರು ಎರಡು ಮಾತು ಆಡಿದ್ದನ್ನು ನೋಡಿಲ್ಲ ನಾನು. ಗಸಿ ಬಡಿಸುತ್ತಿದ್ದವರು, ಸೌಟು ಕೈಯಲ್ಲೇ.

"ಹೊರದೇಶದಲ್ಲಿ ದುಡೀತಿದ್ದಾಗ ಜುಬೈಲಿನಿಂದ ನೀವು ಮಾತು ತುಂಬಿಸಿ ಕ್ಯಾಸೆಟ್ ಕಳಿಸ್ತಿದ್ರಿ. ನೆನಪುಂಟಾ?"

"ಅದು ಈಗ ಯಾಕೆ ಹಲೀಮಾ?"

"ಪ್ರತಿ ಕ್ಯಾಸೆಟಿನ ಕೊನೆಗೂ ಹೇಳ್ತಿದ್ರಿ. ನಿನ್ನನ್ನು ಇಲ್ಲಿಗೆ ಕರೆಸಿಕೊಳ್ಳುವ, ನೋಡುವ. ಬದ್ರು ನಡೀಲಿಕ್ಕೆ ಕಲಿತ, ನೋಡುವ. ನಿಝಾರ್ ಹುಟ್ಟಿದ, ನೋಡುವ. ನಿಝಾರ್ ನಿಮ್ಮನ್ನು ಮೊದಲ ಸಲ ನೋಡಿದಾಗ ಯಾರೋ ನೆಂಟರು ಅಂತ ಸಲಾಂ ಹೇಳಿದ." ಸೌಟನ್ನು ಪಾತ್ರೆಗೆ ಬಿಟ್ಟರು. "ನಾನು ನೋಡ್ತಾ ನೋಡ್ತಾ ಮುದುಕಿಯಾದೆ. ಈ ಮಕ್ಕಳನ್ನು ಬಿಡಿ."

ಮಾಮ ಎದ್ದು ಕೈ ತೊಳೆಯಲು ಹೋದರು. ನಳ್ಳಿಯ ನೀರು ತುಂಬ ಹೊತ್ತು ಹರಿಯಿತು. ಹೊರಡುವಾಗ ಚಪ್ಪಲಿ ಹಾಕಿಕೊಳ್ಳುತ್ತಾ, ಯಾರ ಮುಖವನ್ನೂ ನೋಡದೆ — "ಬದ್ರು, ಹೋಟೆಲಿನ ಮೇಲಿನ ಕೋಣೆಗೆ ಒಂದು ಫ್ಯಾನ್ ಹಾಕಿಸು. ಸೆಕೆ ಅಲ್ಲಿ."

ನುಸೈಬಕ್ಕ ಅಡುಗೆಮನೆಗೆ ಓಡಿದಳು. ಅತ್ತಳೋ ನಕ್ಕಳೋ ಗೊತ್ತಿಲ್ಲ, ಪಾತ್ರೆಗಳ ಸದ್ದು ಜೋರಿತ್ತು.

ನನ್ನ ಬಗ್ಗೆ ಒಂದು ಮಾತೂ ಇ‌ಲ್ಲ. ಹೌದು ಅಂತಲೂ ಇಲ್ಲ. ಬೇಡ ಅಂತಲೂ ಇಲ್ಲ.

ಫೆಬ್ರವರಿ 5, ಗುರುವಾರ

ಬೆಳಗ್ಗೆ ಟಿಕೆಟ್ ಮಾಡಿದೆ. ನಾನೇ. ನನ್ನ ಫೋನಿನಲ್ಲಿ, ನನ್ನ ಹೆಸರಿಗೆ. ಬಟನ್ ಒತ್ತಿದೆ. ಒತ್ತಿದ ಮೇಲೆ ಕುಣಿಯಬೇಕು ಅನಿಸಿತು. ಕುಣಿದೆ, ಬಾಗಿಲು ಹಾಕಿ.

ಆಮೇಲೆ ಮಾಮನ ಹತ್ತಿರ ಹೋದೆ. ಪೇಪರ್ ಓದುತ್ತಿದ್ದರು.

"ಮಾಮ, ಟಿಕೆಟ್ ಮಾಡಿದೆ. ಭಾನುವಾರ ಹೊರಡ್ತೇನೆ."

ಪೇಪರ್ ಇಳಿಯಲಿಲ್ಲ. ಪುಟ ಮಗುಚಿದರು. ಹಿಂದಿನ ಪುಟಕ್ಕೆ ಮತ್ತೆ ಬಂದರು.

"ಒಬ್ಬಳೇ?"

"ಹೌದು ಮಾಮ."

ಬೇಡ ಎಂದರೂ ಹೋಗುತ್ತೇನೆ ಎಂದು ಹೇಳಲು ಬಾಯಿ ಸಿದ್ಧವಾಗಿತ್ತು, ಕಾಲು ಸಿದ್ಧವಿರಲಿಲ್ಲ.

"ಲೋವರ್ ಬರ್ತ್ ಸಿಕ್ಕಿತಾ?"

"ಸಿ... ಸಿಕ್ಕಿತು."

"ಬ್ಯಾಗನ್ನು ತಲೆಯ ಅಡಿಗೆ ಇಟ್ಟು ಮಲಗ್ಬೇಕು. ಮಡಗಾಂವ್‌ನಲ್ಲಿ ಗರ್ದಿ ಹತ್ತುತ್ತದೆ." ಪೇಪರ್ ಈಗ ಇಳಿಯಿತು. ಕಣ್ಣು ಒದ್ದೆಯಾಗಿತ್ತೋ, ಕನ್ನಡಕದ ಹೊಳಪೋ. "ಸ್ಟೇಷನ್‌ಗೆ ನಾನೇ ಬಿಡ್ತೇನೆ. ಬಸ್ಸು ಗಿಸ್ಸು ಬೇಡ."

ಮಾಮಿ ಆಗಲೇ ಪತ್ತಿರಿ ಎಷ್ಟು ಕಟ್ಟುವುದು ಎಂದು ಎಣಿಸುತ್ತಿದ್ದಾರೆ. ಒಬ್ಬಳಿಗೋ, ಇಡೀ ಬೋಗಿಗೋ!

ನಿಝಾರ್ ಮಾತ್ರ ಬಾಕಿ. ಕಾಲ್ ಮಾಡಲಿಲ್ಲ. ಧ್ವನಿ ಕೇಳಿದರೆ ನಾನು ಮತ್ತೆ "ಬರಲಾ?" ಎಂದು ಕೇಳಿಬಿಡುತ್ತೇನೆ. ಮೆಸೇಜ್ ಬರೆದೆ. ಹೃದಯ ಹಾಕಲಿಲ್ಲ... ಒಂದು ಹಾಕಿದೆ, ಕೊನೆಗೆ. ಬರೆದದ್ದು ಇಷ್ಟೇ.

ಜಿತೇಶ್‌ಗೆ ಬೇರೆ ಮನೆ ನೋಡಲು ಹೇಳು. ಉಪ್ಪನನ್ನು ಕೇಳಬೇಡ, ನಾನು ಹೇಳಿಯಾಗಿದೆ. ಸ್ಟೇಷನ್‌ಗೆ ಬಾ. ಸೋಮವಾರ ಬೆಳಗ್ಗೆ, ಪನ್ವೇಲ್, ಮತ್ಸ್ಯಗಂಧ ಎಕ್ಸ್‌ಪ್ರೆಸ್.